ಒಂದು ಜೊತೆ ಒಣ ಬಟ್ಟೆ

ದೀಪಾವಳಿ ಮುಗಿಯಿತೆಂದರೆ ಶಾಲೆ ಕಾಲೇಜುಗಳಲ್ಲಿ ಪ್ರವಾಸದ ಗಾಳಿ ಬೀಸತೊಡಗುತ್ತದೆ. ಬೇಲೂರು, ಹಳೇಬೀಡು, ಜೋಗ ಎಂದು ಮುಗಿಯುತ್ತಿದ್ದ ಪಟ್ಟಿಗೆ ಈಚಿನ ವರ್ಷಗಳಲ್ಲಿ ಚಾರಣ, ರಾಫ್ಟಿಂಗ್ ಎಂಬ ಎರಡು ಪದಗಳೂ ಸೇರಿಕೊಂಡಿವೆ. ಹೊರಡುವ ಹಿಂದಿನ ರಾತ್ರಿ ಬಹುತೇಕ ಮನೆಗಳಲ್ಲಿ ಕಾಣುವುದು ಒಂದೇ ದೃಶ್ಯ. ನಡುಮನೆಯಲ್ಲಿ ಬಾಯಿ ತೆರೆದು ಕೂತಿರುವ ಚೀಲ. ತಾಯಿ ಒಂದು ಕಡೆಯಿಂದ ತುಂಬುತ್ತಾ ಬರುತ್ತಾಳೆ: ಸ್ವೆಟರು, ಎರಡು ಟವೆಲು, ನಾಲ್ಕು ಜೊತೆ ಬಟ್ಟೆ, ಚಕ್ಕುಲಿ ಡಬ್ಬಿ. ಮಗ ಇನ್ನೊಂದು ಕಡೆಯಿಂದ ತೆಗೆಯುತ್ತಾ ಬರುತ್ತಾನೆ. ಅವನಿಗೆ ಬೇಕಾದದ್ದು ಹೊಸ ಜೀನ್ಸು, ಫೋನು ಮತ್ತು ತಂಪು ಕನ್ನಡಕ. 'ಎರಡು ದಿನಕ್ಕೆ ಇಷ್ಟೆಲ್ಲ ಯಾಕೆ?' ಎಂದು ತಂದೆ ಪೇಪರಿನ ಹಿಂದಿನಿಂದಲೇ ಕೇಳುತ್ತಾನೆ. ಮೂವರೂ ಸ್ವಲ್ಪ ಸ್ವಲ್ಪ ಸರಿಯೇ. ಆದರೆ ಮೂವರೂ ಮರೆತಿರುವ ಒಂದು ಸಂಗತಿ ಇದೆ. ಆ ಚೀಲದ ನಿಜವಾದ ಪರೀಕ್ಷಕ ನೀರು.

ಉತ್ತರ ಕನ್ನಡದ ಕಾಳಿ ನದಿಯನ್ನೇ ತೆಗೆದುಕೊಳ್ಳಿ. ಜೊಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಹತ್ತಿರ ಅರಬ್ಬಿ ಸಮುದ್ರ ಸೇರುವ ಹೊಳೆ ಇದು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ಅಣೆಕಟ್ಟಿನ ವಿದ್ಯುದಾಗಾರದಲ್ಲಿ ಯಂತ್ರಗಳನ್ನು ತಿರುಗಿಸಿ ಹೊರಬಿದ್ದ ನೀರು ಬಂಡೆಗಳ ನಡುವೆ ನುಗ್ಗಿ ಇಳಿಯುವ ಹಾದಿಯಲ್ಲಿ ರಾಫ್ಟುಗಳು ಓಡುತ್ತವೆ. ಸುತ್ತಲಿನ ಕಾಡು 2007ರಲ್ಲಿ ದಾಂಡೇಲಿ–ಅಣಶಿ ಎಂಬ ಹೆಸರಿನಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಈ ಹೊಳೆಯ ಹೆಸರನ್ನೇ ಇಟ್ಟರು. ಅರಣ್ಯ ಇಲಾಖೆ ಅನುಮತಿ ಕೊಟ್ಟ ದಾರಿಯಲ್ಲಿ ಒಂದು ದಿನ ನಡಿಗೆ, ಮರುದಿನ ಹೊಳೆ. ವಿದ್ಯಾರ್ಥಿಗಳ ತಂಡಗಳು ಸಾಮಾನ್ಯವಾಗಿ ಹಾಕಿಕೊಳ್ಳುವ ಕಾರ್ಯಕ್ರಮ ಇಷ್ಟೆ. ಬೆವರು, ಇಬ್ಬನಿ, ತೊರೆ, ಹೊಳೆ ಎಂದು ಈ ಎರಡು ದಿನಗಳಲ್ಲಿ ಮೈ ಒದ್ದೆಯಾಗದೆ ಇರುವ ಹೊತ್ತೇ ಕಡಿಮೆ.

ಜೀನ್ಸಿನ ವಿಚಾರವನ್ನು ಮೊದಲೇ ಇತ್ಯರ್ಥ ಮಾಡಿಬಿಡುವುದು ಒಳ್ಳೆಯದು, ಏಕೆಂದರೆ ಮನೆಯಲ್ಲಿ ಜಗಳ ಆಗುವುದು ಅದರ ಮೇಲೆಯೇ. ಬಾಯಿಮಾತು ಬೇಡ, ಅಡುಗೆಮನೆಯ ತಕ್ಕಡಿ ಸಾಕು. ಒಣಗಿದ ಜೀನ್ಸನ್ನು ತೂಗಿ ಬರೆದುಕೊಳ್ಳಬೇಕು. ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ನೀರು ತೊಟ್ಟಿಕ್ಕುವುದು ನಿಂತ ಮೇಲೆ ಮತ್ತೆ ತೂಗಬೇಕು. ಮುಕ್ಕಾಲು ಕಿಲೋ ಇದ್ದದ್ದು ಒಂದೂವರೆ ಕಿಲೋದ ಆಸುಪಾಸಿಗೆ ಹೋಗಿರುತ್ತದೆ. ಅದೇ ನೀರಿನಲ್ಲಿ ಆಟದ ಅವಧಿಗೆ ಹಾಕುವ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟನ್ನೂ ಅದ್ದಿ ತೂಗಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎರಡನ್ನೂ ಹಗ್ಗದ ಮೇಲೆ ಹರವಿ ಗಡಿಯಾರ ನೋಡುವುದು ಪ್ರಯೋಗದ ಎರಡನೆಯ ಭಾಗ. ಸಂಜೆ ಪ್ಯಾಂಟು ಒಣಗಿ ಮಡಿಚಿ ಇಟ್ಟಾಗಿರುತ್ತದೆ. ಜೀನ್ಸಿನ ಸೊಂಟಪಟ್ಟಿ ಮಾರನೆಯ ದಿನವೂ ತೇವವಾಗಿರುತ್ತದೆ.

ಕಾರಣ ನೂಲಿನ ಒಳಗೇ ಇದೆ. ಹತ್ತಿಯ ಎಳೆ ಸೆಲ್ಯುಲೋಸಿನದು. ನೀರಿನ ಅಣುಗಳನ್ನು ತನ್ನೊಳಗೆ ಕರೆದುಕೊಳ್ಳುವ ಗುಣ ಅದಕ್ಕಿದೆ. ಸಾಮಾನ್ಯ ಹವೆಯಲ್ಲಿ, ನಾವು ಒಣಗಿದೆ ಎಂದುಕೊಳ್ಳುವ ಹತ್ತಿ ಬಟ್ಟೆಯೂ ತನ್ನ ತೂಕದ ಶೇಕಡ 8ರಷ್ಟು ತೇವವನ್ನು ಹಿಡಿದಿರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಶೇಕಡ ಅರ್ಧಕ್ಕೂ ಕಡಿಮೆ. ಪಾಲಿಯೆಸ್ಟರ್ ಒದ್ದೆಯಾಗುವುದಿಲ್ಲ ಎಂದಲ್ಲ. ನೀರು ಎಳೆಗಳ ನಡುವೆ ನಿಲ್ಲುತ್ತದೆಯೇ ಹೊರತು ಎಳೆಯ ಒಳಗೆ ಹೋಗುವುದಿಲ್ಲ, ಹಾಗಾಗಿ ಬೇಗ ಬಿಟ್ಟುಹೋಗುತ್ತದೆ.

ಒದ್ದೆ ಬಟ್ಟೆ ಬರಿಯ ಕಿರಿಕಿರಿಯಾಗಿದ್ದರೆ ಇಷ್ಟು ಹೇಳುವ ಅಗತ್ಯ ಇರಲಿಲ್ಲ. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವ ಗುಪ್ತೋಷ್ಣ ಇಲ್ಲಿ ಮೈಮೇಲೆ ಬರುತ್ತದೆ. ಕುದಿಯುವ ಬಿಂದುವಿನಲ್ಲಿ ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿ ಬೇಕು; ಚರ್ಮದ ಉಷ್ಣಾಂಶದಲ್ಲಿ ಇನ್ನೂ ಹೆಚ್ಚು, ಸುಮಾರು 580. ಹಿಂಡಿ ಹಾಕಿಕೊಂಡ ಹತ್ತಿಯ ಅಂಗಿಯಲ್ಲಿ 100 ಗ್ರಾಂ ನೀರು ಉಳಿದಿದೆ ಎಂದಿಟ್ಟುಕೊಳ್ಳಿ. ಅದು ಆರುವಷ್ಟರಲ್ಲಿ 58,000 ಕ್ಯಾಲೊರಿ ಹೋಗಿರುತ್ತದೆ. ಅಷ್ಟೂ ಮೈಯಿಂದಲೇ ಹೋಯಿತು, ಮೈ ಅದನ್ನು ತುಂಬಿಕೊಳ್ಳಲಿಲ್ಲ ಎಂದಾದರೆ 50 ಕಿಲೋ ತೂಕದ ಹುಡುಗನ ದೇಹದ ಉಷ್ಣಾಂಶ 1.4 ಡಿಗ್ರಿ ಇಳಿಯಬೇಕು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಗಾಳಿಯೂ ಸ್ವಲ್ಪ ಶಾಖ ಕೊಡುತ್ತದೆ, ಮೈ ನಡುಗಿ ನಡುಗಿ ಉಳಿದದ್ದನ್ನು ಹುಟ್ಟಿಸಿಕೊಳ್ಳುತ್ತದೆ. ಆದರೆ ನಡುಗುವುದಕ್ಕೂ ಹೊಟ್ಟೆಯಲ್ಲಿ ಅನ್ನ ಬೇಕು, ಮೈಯಲ್ಲಿ ತ್ರಾಣ ಬೇಕು. ದಿನವಿಡೀ ನಡೆದು, ಹೊಳೆಯಲ್ಲಿ ನೆನೆದು, ಸಂಜೆಯ ಗಾಳಿಗೆ ತೆರೆದ ಜೀಪಿನಲ್ಲಿ ಕೂತ ಹುಡುಗನಲ್ಲಿ ಎರಡೂ ಕಡಿಮೆಯಾಗಿರುತ್ತವೆ. ದೇಹದೊಳಗಿನ ಉಷ್ಣಾಂಶ 37ರಿಂದ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಅಪಾಯವೆಂದೇ ಎಣಿಸುತ್ತಾರೆ. ಮಾತು ತೊದಲುವುದು, ಕೈ ಸೋಲುವುದು, ಎಲ್ಲಕ್ಕೂ 'ಸಾಕು ಬಿಡು' ಎನ್ನುವುದು ಅದರ ಲಕ್ಷಣಗಳು. ಹಿಮಾಲಯಕ್ಕೆ ಹೋದರೆ ಮಾತ್ರ ಚಳಿ ಎಂಬುದು ತಪ್ಪು ತಿಳಿವಳಿಕೆ.

ಹಾಗೆಂದು ಹತ್ತಿಯನ್ನು ಖಳನಾಯಕ ಮಾಡಬೇಕಾಗಿಲ್ಲ. ಬಿಸಿಲಿನ ನಡಿಗೆಗೆ ತೆಳು ಹತ್ತಿಯಂಗಿಯಷ್ಟು ಹಿತವಾದದ್ದು ಬೇರೆ ಇಲ್ಲ. ಬೆವರು ಆರಿ ತಂಪಾಗಲಿ ಎಂದೇ ಅದನ್ನು ತೊಡುವುದು. ರಾತ್ರಿ ಮಲಗುವಾಗಲೂ ಒಣಗಿದ ಹತ್ತಿ ಸುಖವೇ. ಹೊಳೆಗೆ ಮತ್ತು ಮಳೆಗೆ ಮಾತ್ರ ಅದು ಸಲ್ಲದು. ಉಣ್ಣೆಯ ಕಥೆ ಮೂರನೆಯದು. ಅದು ಹತ್ತಿಗಿಂತಲೂ ಹೆಚ್ಚು ತೇವ ಕುಡಿಯುತ್ತದೆ, ಆದರೂ ಗುಂಗುರು ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಒದ್ದೆಯಲ್ಲೂ ಒಂದಿಷ್ಟು ಬೆಚ್ಚಗಿಡುತ್ತದೆ. ಮಲೆನಾಡಿನ ರೈತರು ಗದ್ದೆ ನಾಟಿಯ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ದುಡಿದದ್ದು ಈ ಗುಣದ ಬಲದಿಂದಲೇ. ಅಮ್ಮನ ಹಳೆಯ ಉಣ್ಣೆಯ ಸ್ವೆಟರು ಚೀಲದಲ್ಲಿ ಇರಲಿ. ಡಿಸೆಂಬರಿನ ರಾತ್ರಿ ಅದನ್ನು ತೆಗೆಸಿದ್ದಕ್ಕೆ ಮಗನೇ ಪಶ್ಚಾತ್ತಾಪ ಪಡುತ್ತಾನೆ.

ಹಾಗಾದರೆ ಎಷ್ಟು ಬಟ್ಟೆ? ಎರಡು ದಿನಕ್ಕೆ ಮೂರು ಜೊತೆ ಸಾಕು. ನಡಿಗೆಗೆ ಒಂದು, ಹೊಳೆಗೆ ಒಂದು, ಮತ್ತು ಯಾರು ಏನೇ ಹೇಳಿದರೂ ಮುಟ್ಟದೆ ಇಡುವ ಒಣ ಬಟ್ಟೆ ಒಂದು ಜೊತೆ. ಒಳ ಉಡುಪು ಮತ್ತು ಕಾಲುಚೀಲ ಮಾತ್ರ ಒಂದೊಂದು ಹೆಚ್ಚಿರಲಿ. ಆ ಮೂರನೆಯ ಜೊತೆಯ ಮೇಲೆ ಕಣ್ಣಿಡುವುದೇ ಕಷ್ಟ. ನಡಿಗೆಯಲ್ಲಿ ನೆನೆದ ಕೂಡಲೇ 'ಇದನ್ನೇ ಹಾಕಿಕೊಂಡುಬಿಡೋಣ' ಎನ್ನಿಸುತ್ತದೆ. ಹಾಕಿಕೊಂಡರೆ ಅದೂ ಒದ್ದೆ. ಆಮೇಲೆ ರಾತ್ರಿ ಇಡೀ ಒದ್ದೆ.

ರಾಫ್ಟಿಂಗಿಗೆ ಹೋದವರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ಹೊಳೆ ಒಂದು ಕಡೆ ಹತ್ತಿಸಿಕೊಂಡು ಕೆಲವು ಕಿಲೋಮೀಟರ್ ಕೆಳಗೆ ಇನ್ನೊಂದು ಕಡೆ ಇಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಒಣ ಬಟ್ಟೆಯ ಚೀಲ ಉಳಿಯುವುದು ಹತ್ತಿದ ಕಡೆ! ಇಳಿದ ಕಡೆ ಮಕ್ಕಳು ತೊಟ್ಟಿಕ್ಕುತ್ತಾ ನಿಂತಿರುತ್ತಾರೆ, ಜೀಪು ಬರುವುದು ಮುಕ್ಕಾಲು ಗಂಟೆಗೆ. ಒಣ ಬಟ್ಟೆ ಇಳಿಯುವ ದಡದಲ್ಲಿ ಕಾದಿರಬೇಕು. ಹೊರಡುವ ಮೊದಲು ಮೇಷ್ಟರು ಕೇಳಿ ಖಾತ್ರಿ ಮಾಡಿಕೊಳ್ಳಬೇಕಾದ ಮೊದಲ ಮಾತು ಇದು.

ಆ ಜೊತೆಯನ್ನು ಒಣಗಿಟ್ಟುಕೊಳ್ಳಲು ಅಂಗಡಿಯಲ್ಲಿ ಬಾಯಿ ಸುರುಳಿ ಸುತ್ತುವ ಜಲನಿರೋಧಕ ಚೀಲಗಳು ಸಿಗುತ್ತವೆ. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ ಎರಡನ್ನು ಒಂದರೊಳಗೊಂದು ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಯನ್ನು ತಿರುಚಿ ಮಡಚಿ ರಬ್ಬರ್ ಬ್ಯಾಂಡಿನಿಂದ ಬಿಗಿದರೂ ಆಯಿತು. ಯಾವುದನ್ನೇ ಆದರೂ ಮನೆಯಲ್ಲೇ ಪರೀಕ್ಷಿಸಬೇಕು. ಒಳಗೆ ಒಂದು ಹಳೆಯ ದಿನಪತ್ರಿಕೆ ಇಟ್ಟು ಬಕೆಟ್ಟಿನಲ್ಲಿ ಅದುಮಿ ಹಿಡಿದರೆ ಗುಳ್ಳೆ ಎಲ್ಲಿಂದ ಏಳುತ್ತದೆಯೋ ಅಲ್ಲಿ ತೂತು. ಪತ್ರಿಕೆ ಒದ್ದೆಯಾಯಿತೋ ಇಲ್ಲವೋ ಎಂಬುದೇ ಫಲಿತಾಂಶ. ಹಾಗೇ ಕೈ ಬಿಟ್ಟು ನೋಡಿದರೆ ಚೀಲ ಮೇಲಕ್ಕೆ ಚಿಮ್ಮುತ್ತದೆ. ಹತ್ತು ಲೀಟರ್ ಗಾತ್ರದ ಬಿಗಿದ ಚೀಲದಲ್ಲಿ ಮೂರು ಕಿಲೋ ಸಾಮಾನಿದ್ದರೆ ಅದನ್ನು ಪೂರ್ತಿ ಮುಳುಗಿಸಲು ಇನ್ನೂ ಏಳು ಕಿಲೋ ಭಾರ ಬೇಕು. ಆರ್ಕಿಮಿಡೀಸನ ನಿಯಮಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗಲಾರದು. ಬಳಸಿದ ಪ್ಲಾಸ್ಟಿಕ್ ಒಂದೂ ಬಿಡದೆ ಮನೆಗೆ ವಾಪಸು ಬರಬೇಕು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಚೀಲದ ತೂಕದ ಬಗ್ಗೆ ಬಹಳ ಚರ್ಚೆ ಬೇಡ. ಶಾಲಾ ಚೀಲ ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು ಎಂದು 2020ರ ಕೇಂದ್ರ ಸರ್ಕಾರದ ನೀತಿ ಹೇಳಿದೆ. ಸಮತಟ್ಟು ರಸ್ತೆಗೇ ಆ ಮಾತು ಅನ್ವಯಿಸುವುದಾದರೆ ಏರುದಾರಿಗೆ ಅದಕ್ಕಿಂತ ಉದಾರವಾಗಲು ಕಾರಣವಿಲ್ಲ. 45 ಕಿಲೋದ ಹುಡುಗಿಗೆ ನಾಲ್ಕೂವರೆ ಕಿಲೋ, ಅದರಲ್ಲಿ ಕುಡಿಯುವ ನೀರೇ ಎರಡು ಕಿಲೋ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಂತೆ, ಹೆಗಲಿನ ನಡುಮಟ್ಟದಲ್ಲಿ ಇರಬೇಕು. ಅದು ಹೊರಗಿನ ಕಿಸೆಯಲ್ಲಿ ಜೋತುಬಿದ್ದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ಮಗು ಮುಂದಕ್ಕೆ ಬಾಗಿ ನಡೆಯುತ್ತದೆ. ತಿನ್ನಲು ಶೇಂಗಾ ಚಿಕ್ಕಿ, ಹುರಿಗಡಲೆ, ಬೆಲ್ಲ, ಒಗ್ಗರಣೆ ಅವಲಕ್ಕಿ. ಚಕ್ಕುಲಿಯೂ ಇರಲಿ, ಸ್ಟೀಲ್ ಡಬ್ಬಿ ಮಾತ್ರ ಮನೆಯಲ್ಲೇ ಉಳಿಯಲಿ.

ಬಣ್ಣದಲ್ಲೂ ಕಾಡಿಗೊಂದು, ಹೊಳೆಗೊಂದು ನ್ಯಾಯ. ಕಾಡಿನಲ್ಲಿ ಕಣ್ಣು ಕುಕ್ಕದ, ಆದರೆ ತಿಳಿಯಾದ ಬಣ್ಣ ಒಳ್ಳೆಯದು. ತಿಳಿ ಕಾಕಿ, ಮಾಸಲು ಹಸಿರು. ಮೈಮೇಲೆ ಹತ್ತುವ ಪುಟ್ಟ ಜೀವಿಗಳು ಅದರ ಮೇಲೆ ಬೇಗ ಕಾಣುತ್ತವೆ. ಹೊಳೆಯಲ್ಲಿ ಕೆಂಪು, ಕಿತ್ತಳೆಯಂಥ ಎದ್ದು ಕಾಣುವ ಬಣ್ಣವೇ ಬೇಕು, ಏಕೆಂದರೆ ಅಲ್ಲಿ ಎದ್ದು ಕಾಣುವುದೇ ರಕ್ಷಣೆ. ಸೆಂಟು, ಪರಿಮಳದ ಎಣ್ಣೆ ಎರಡು ದಿನ ಬೇಡ. ಮರದ ಮೇಲೆ ಹೆಜ್ಜೇನು ಇರುವ ಕಾಡು ಅದು.

ಪುಟ್ಟ ಜೀವಿಗಳಲ್ಲಿ ಎಲ್ಲರೂ ಹೆದರುವುದು ಉಂಬಳಕ್ಕೆ. ಕೆಲವೆಡೆ ಇಂಬಳ ಎನ್ನುತ್ತಾರೆ. ಅದು ಮಾಡುವ ಹಾನಿಗೆ ಹೋಲಿಸಿದರೆ ಅದರ ಅಪಖ್ಯಾತಿ ದೊಡ್ಡದು. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಕಚ್ಚಿದ ಜಾಗ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ. ಒತ್ತಾದ ನೇಯ್ಗೆಯ ಉದ್ದ ಕಾಲುಚೀಲದೊಳಗೆ ಪ್ಯಾಂಟಿನ ತುದಿಯನ್ನು ಸಿಕ್ಕಿಸಬೇಕು. ಕೋಲಿನ ತುದಿಗೆ ಉಪ್ಪು, ಹೊಗೆಸೊಪ್ಪಿನ ಗಂಟು ಕಟ್ಟಿಕೊಂಡು ನಡೆಯುವುದು ಮಲೆನಾಡಿನ ಹಳೆಯ ಪದ್ಧತಿ. ಉಪ್ಪು ತಗಲಿದರೆ ಪರಾಸರಣದಿಂದ ಉಂಬಳದ ಮೈಯ ನೀರೇ ಹೊರಬರುತ್ತದೆ. ಕಚ್ಚಿ ಕೂತಿದ್ದರೆ ಮಾತ್ರ ಉಪ್ಪು ಸುರಿಯುವುದಕ್ಕಿಂತ ಉಗುರನ್ನು ಚರ್ಮಕ್ಕೆ ತಾಗಿಸಿ ಮೆಲ್ಲಗೆ ಸರಿಸಿ ಬಿಡಿಸುವುದು ಮೇಲು. ಜಗ್ಗಬಾರದು.

ಹೆದರಬೇಕಾದದ್ದು ಉಣುಗಿಗೆ. ಸಾಸಿವೆಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆ ಹರಡುವುದು ಇದರಿಂದ. ಉತ್ತರ ಕನ್ನಡವೂ ಸೇರಿ ಪಶ್ಚಿಮ ಘಟ್ಟದ ಹಲವು ಕಡೆ ಅದು ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹಾವಳಿ ಹೆಚ್ಚು, ಅಂದರೆ ಸರಿಯಾಗಿ ಪ್ರವಾಸದ ಕಾಲ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇಲ್ಲಿ ಅಂದಚಂದದ ಪ್ರಶ್ನೆಯಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಹಚ್ಚಿಕೊಂಡರೆ ಉಣುಗು ದೂರ ಉಳಿಯುತ್ತದೆ. ತರಗೆಲೆಯ ಮೇಲೆ ಹಾಗೇ ಕೂರಬಾರದು, ಮಲಗಬಾರದು. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ಇನ್ನು ಹೊಳೆ. ರಾಫ್ಟಿನವರು ಕೊಡುವ ಲೈಫ್ ಜಾಕೆಟ್ಟು ಮತ್ತು ಹೆಲ್ಮೆಟ್ಟು ಬಿಟ್ಟರೆ ಮೈಮೇಲೆ ಕಡಿಮೆ ಇದ್ದಷ್ಟೂ ಲೇಸು. ಕಡಿಮೆ ಎಂದರೆ ಬಟ್ಟೆಯಲ್ಲ, ಜೋತಾಡುವ ಸಾಮಾನು. ಮೊಣಕಾಲು ಮುಚ್ಚುವ ಟ್ರ್ಯಾಕ್ ಪ್ಯಾಂಟು, ತುಂಬು ತೋಳಿನ ಪಾಲಿಯೆಸ್ಟರ್ ಅಂಗಿ ಬಿಸಿಲಿಗೂ ಬಂಡೆಗೂ ಒಳ್ಳೆಯದು. ದುಪಟ್ಟಾ, ಕುತ್ತಿಗೆಯ ಸರ, ಗಾಜಿನ ಬಳೆ, ಉದ್ದ ಲಾಡಿ, ಸೊಂಟಕ್ಕೆ ಕಟ್ಟಿದ ಜರ್ಕಿನ್ನು ದಡದಲ್ಲೇ ಉಳಿಯಬೇಕು. ಹರಿವ ನೀರಿನಲ್ಲಿ ಕೊಂಬೆಗೋ ಹಗ್ಗಕ್ಕೋ ಸಿಕ್ಕಿಕೊಳ್ಳುವುದು ಇವೇ. ಉದ್ದ ಕೂದಲನ್ನು ಹೆಣೆದು ಕಟ್ಟಬೇಕು. ಕನ್ನಡಕ ಹಾಕುವವರು ಅದರ ಎರಡು ಕಡ್ಡಿಗೂ ದಾರ ಕಟ್ಟಿ ತಲೆಯ ಹಿಂದೆ ಬಿಗಿಯಬೇಕು. ಇಲ್ಲದಿದ್ದರೆ ಮೊದಲ ಅಲೆಗೇ ಕನ್ನಡಕ ಹೊಳೆಪಾಲು, ಮಿಕ್ಕ ಪ್ರವಾಸವೆಲ್ಲ ಮಸುಕು.

ಜಾಕೆಟ್ಟಿನ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಹಾಕಿಕೊಂಡರೆ ಸಾಕು, ತೇಲುತ್ತೇವೆ ಎಂದು. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಆದ್ದರಿಂದ ತಲೆ ಮೇಲಿರಲು ಬಹುತೇಕ ವಯಸ್ಕರಿಗೆ ಮೂರರಿಂದ ಐದು ಕಿಲೋ ಎತ್ತುವಷ್ಟು ತೇಲುಬಲ ಸಿಕ್ಕರೆ ಆಯಿತು. ಆದರೆ ನೀರು ಎತ್ತುವುದು ಜಾಕೆಟ್ಟನ್ನು. ಪಟ್ಟಿಗಳು ಸಡಿಲವಾಗಿದ್ದರೆ ಜಾಕೆಟ್ಟು ಮೇಲೇರಿ ಕಿವಿಯ ಹತ್ತಿರ ಕೂರುತ್ತದೆ, ಹುಡುಗ ಅದರೊಳಗಿಂದ ಕೆಳಕ್ಕೆ ಜಾರುತ್ತಾನೆ. ಬಿಗಿದ ಮೇಲೆ ಜೊತೆಗಾರ ಹೆಗಲ ಪಟ್ಟಿ ಹಿಡಿದು ಬಲವಾಗಿ ಮೇಲೆ ಎಳೆಯಬೇಕು. ಗಲ್ಲದ ಮೇಲಕ್ಕೆ ಬಂದರೆ ಮತ್ತೆ ಬಿಗಿಯಬೇಕು. ಈಜು ಬಲ್ಲವರಿಗೂ ಇದರಿಂದ ವಿನಾಯಿತಿ ಇಲ್ಲ. ಬಿಳಿ ನೊರೆಯ ನೀರಿನಲ್ಲಿ ಗಾಳಿ ಬೆರೆತು ಸಾಂದ್ರತೆ ಇಳಿದಿರುತ್ತದೆ; ಊರ ಕೆರೆಯಲ್ಲಿ ತೇಲಿಸಿದ ಈಜು ಅಲ್ಲಿ ಅಷ್ಟು ತೇಲಿಸುವುದಿಲ್ಲ.

ಕಾಲಿಗೆ ಹವಾಯಿ ಚಪ್ಪಲಿ ಕೂಡದು. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ಲು ಅಥವಾ ಹಳೆಯ ಕ್ಯಾನ್ವಾಸ್ ಶೂ ಹೊಳೆಗೆ ಸರಿ. ನಡಿಗೆಗೆ ಇನ್ನೊಂದು ಜೊತೆ, ಅದೂ ಹೊಸದಲ್ಲ. ಪ್ರವಾಸಕ್ಕೆಂದೇ ಹಿಂದಿನ ದಿನ ಕೊಂಡ ಶೂ ಮೊದಲ ಮೂರು ಮೈಲಿಯಲ್ಲೇ ಬೊಬ್ಬೆ ಎಬ್ಬಿಸುತ್ತದೆ. ನೀರಿಗೆ ಬಿದ್ದರೆ ನಿಲ್ಲಲು ಯತ್ನಿಸಬಾರದು. ಬಂಡೆಯ ಸಂದಿನಲ್ಲಿ ಪಾದ ಸಿಕ್ಕಿ, ಹಿಂದಿನಿಂದ ನೀರು ತಳ್ಳಿದರೆ ಮೊಣಕಾಲಾಳದ ನೀರೂ ಮುಳುಗಿಸಬಲ್ಲದು. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ ತೇಲಬೇಕು. ಇದನ್ನು ಜಮಖಾನದ ಮೇಲೆ ಒಮ್ಮೆ ಮಾಡಿ ತೋರಿಸುವಂತೆ ಮನೆಯಲ್ಲೇ ಕೇಳಬಹುದು. ನಗು ಬರುತ್ತದೆ, ಆದರೆ ನೆನಪಿರುತ್ತದೆ.

ಚೀಲಕ್ಕೆ ಹಾಕಲಾಗದ ಸಾಮಾನೊಂದಿದೆ, ಅದು ನಿಜ ಹೇಳುವುದು. ಮಗನಿಗೆ ಉಬ್ಬಸ ಇದೆ, ಮಗಳಿಗೆ ಹಿಂದೆ ಮೂರ್ಛೆ ಬಂದಿತ್ತು ಎಂದರೆ ಎಲ್ಲಿ ಪ್ರವಾಸದಿಂದ ಬಿಟ್ಟುಬಿಡುತ್ತಾರೋ ಎಂದು ಕೆಲವು ತಂದೆ ತಾಯಿ ಒಪ್ಪಿಗೆ ಪತ್ರದ ಆ ಅಂಕಣವನ್ನು ಖಾಲಿ ಬಿಡುತ್ತಾರೆ. ಮಗುವಿನ ಆಸೆ ಮುರಿಯಬಾರದೆಂಬ ಅವರ ಸಂಕಟ ಅರ್ಥವಾಗುವಂಥದೇ. ಆದರೆ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಆಸ್ಪತ್ರೆ ದೂರ, ಮತ್ತು ಪಕ್ಕದಲ್ಲಿರುವವರಿಗೆ ಏನೂ ಗೊತ್ತಿಲ್ಲ. ಮೂರ್ಛೆ ಇರುವವರು ವೈದ್ಯರನ್ನು ಕೇಳದೆ ಹೊಳೆಗೆ ಇಳಿಯಲೇಬಾರದು. ನಡಿಗೆಗೆ ಬಂದು, ದಡದಲ್ಲಿ ಕಾದಿದ್ದರೂ ಅದು ಪ್ರವಾಸವೇ. ಉಬ್ಬಸದ ಇನ್ಹೇಲರು ಕೆಳಗಿನ ದಡದ ಚೀಲದಲ್ಲಿ ಅಲ್ಲ, ರಾಫ್ಟಿನಲ್ಲೇ ಕಟ್ಟಿದ ಜಲನಿರೋಧಕ ಸಂಚಿಯಲ್ಲಿ ಇರಬೇಕು. ಮಾತ್ರೆಗಳ ಹೆಸರು, ರಕ್ತದ ಗುಂಪು, ಮನೆಯ ನಂಬರು ಪೆನ್ಸಿಲಿನಲ್ಲಿ ಬರೆದ ಚೀಟಿಯಲ್ಲಿರಲಿ. ಶಾಯಿ ಕದಡುತ್ತದೆ, ಪೆನ್ಸಿಲು ಕದಡುವುದಿಲ್ಲ. ಜೊತೆಗೆ ಒಂದು ಸೀಟಿ, ಒಂದು ಟಾರ್ಚು, ಎರಡು ಪೊಟ್ಟಣ ಓಆರ್‌ಎಸ್.

ಅಣೆಕಟ್ಟಿನ ಕೆಳಗಿನ ಹೊಳೆಗೆ ತನ್ನದೇ ವೇಳಾಪಟ್ಟಿ ಇರುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಬಂಡೆಗಳ ಮೇಲೆ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಹಠಾತ್ತನೆ ಏರಿ ಇಪ್ಪತ್ತನಾಲ್ಕು ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ರಾಫ್ಟಿಂಗಿಗೆ ಇಳಿದವರೂ ಅಲ್ಲ. ಕಾಳಿಯಲ್ಲೂ ರಾಫ್ಟು ಓಡುವುದು ವಿದ್ಯುದಾಗಾರ ನೀರು ಬಿಟ್ಟಾಗಲೇ. ಬೆಳಿಗ್ಗೆ ಒಣಗಿ ಬೆಳ್ಳಗಿದ್ದ ಬಂಡೆ ಮಧ್ಯಾಹ್ನ ನೀರೊಳಗಿರಬಹುದು. ಫೋನನ್ನು ಜಲನಿರೋಧಕ ಚೀಲಕ್ಕೆ ಹಾಕಿ ಕಟ್ಟಿಟ್ಟರೆ ಫೋನು ಉಳಿಯುವುದರ ಜೊತೆಗೆ ಅಂಥ ಬಂಡೆಗೆ ಏರುವ ಆಸೆಯೂ ಸ್ವಲ್ಪ ಕಡಿಮೆಯಾಗುತ್ತದೆ.

ಮಕ್ಕಳು ವಾಪಸು ಬಂದ ದಿನ ಚೀಲವನ್ನು ಒಳಗೆ ತರದೆ ಜಗಲಿಯಲ್ಲೇ ಬಿಚ್ಚಿಸುವುದು ಒಳ್ಳೆಯದು. ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ ಕಡು ಬಿಸಿಲಿಗೆ ಹರವಬೇಕು. ಶೂ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಇಟ್ಟರೆ ಅದು ತೇವ ಹೀರುತ್ತದೆ. ಸ್ನಾನಕ್ಕೆ ಹೋಗುವ ಮೊದಲು ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗದಲ್ಲಿ ಉಣುಗು ಇದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಹಿಸುಕಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಸುತ್ತ ಒಂದು ಗುರುತು ಹಾಕಿಡಿ. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರು ಕೇಳುವವರೆಗೂ ಕಾಯದೆ, ಮಗು ಕಾಡಿಗೆ ಹೋಗಿತ್ತು ಎಂಬುದನ್ನು ಮೊದಲೇ ಹೇಳಬೇಕು.